ಗೋಪಾಲಗೌಡರು ತೀರಿಕೊಂಡ ಮೇಲೆ ಬಂದ ಗದ್ದೆಯನ್ನು ಅಜ್ಜ ಅವರ ಹೆಸರಿನಲ್ಲೇ ಏಕೆ ನೆನೆಯುತ್ತಾರೆ?

ಪ್ರಶ್ನೆ: ಹೊಸನಗರದ ಮೊಮ್ಮಗಳು

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮುತ್ತಜ್ಜನ ಕಾಲದಲ್ಲಿ ನಮ್ಮವರು ಗೇಣಿದಾರರಾಗಿದ್ದರು, ಅಂದರೆ ಬೇರೆಯವರ ಜಮೀನನ್ನು ಉತ್ತು ಅದಕ್ಕೆ ಗೇಣಿ ಕೊಡುತ್ತಿದ್ದರು. ಈಗ ಮನೆಯವರು ಸಾಗುವಳಿ ಮಾಡುತ್ತಿರುವ ಎರಡು ಎಕರೆ ಚಿಲ್ಲರೆ ಗದ್ದೆ ನಮ್ಮ ಹೆಸರಿಗೆ ಬಂದದ್ದು ಭೂ ನ್ಯಾಯಮಂಡಳಿಯ ಆದೇಶದಿಂದ. ಕಳೆದ ತಿಂಗಳು ಪೋಡಿ (ಜಮೀನಿನ ಹಿಸ್ಸೆ ಅಳತೆ) ಕೆಲಸಕ್ಕಾಗಿ ಹಳೆಯ ಕಾಗದಗಳ ಟ್ರಂಕನ್ನು ತೆಗೆದಾಗ ಆ ಆದೇಶದ ಪ್ರತಿ ಸಿಕ್ಕಿತು. ಅದರ ಮೇಲಿನ ಇಸವಿ 1978. ಅದನ್ನು ಓದಿ ಹೇಳಿದಾಗ, ಎಂಬತ್ತೈದು ದಾಟಿರುವ ನನ್ನ ಅಜ್ಜ, "ಇದು ಗೋಪಾಲಗೌಡ್ರು ಕೊಡಿಸಿದ ಗದ್ದೆ" ಎಂದರು.

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ತೀರಿಕೊಂಡದ್ದು 1972ರ ಜೂನ್ 9ರಂದು. ಗೇಣಿ ಪದ್ಧತಿಯನ್ನು ಕೊನೆಗಾಣಿಸಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಿಂದ, ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ. ಗೌಡರು ಮೂರು ಬಾರಿ ಶಾಸಕರಾದರೂ ಒಮ್ಮೆಯೂ ಆಡಳಿತ ಪಕ್ಷದಲ್ಲಿ ಕುಳಿತವರಲ್ಲ, ಮಂತ್ರಿಯಾದವರಲ್ಲ. ಶಿವಮೊಗ್ಗದಲ್ಲಿ ಅವರ ಹೆಸರಿನ ಬಡಾವಣೆಯಲ್ಲೇ ಬಾಡಿಗೆಗಿದ್ದು ಕಾಲೇಜು ಓದಿದವಳು ನಾನು. ಆದರೂ ಆ ಹೆಸರಿನ ಹಿಂದಿನ ಮನುಷ್ಯನ ಬಗ್ಗೆ ನನಗೆ ತಿಳಿದಿರುವುದು ಅಷ್ಟಕ್ಕಷ್ಟೆ. ಅಜ್ಜನ ನೆನಪಿನ ಶಕ್ತಿ ಇನ್ನೂ ಚೆನ್ನಾಗಿದೆ, ಹಾಗಾಗಿ ಇದನ್ನು ವಯಸ್ಸಿನ ಮರೆವು ಎಂದು ಬಿಟ್ಟುಬಿಡಲು ಮನಸ್ಸಾಗುತ್ತಿಲ್ಲ. ತನ್ನ ಬದುಕಿನುದ್ದಕ್ಕೂ ವಿರೋಧ ಪಕ್ಷದಲ್ಲೇ ಇದ್ದ ಒಬ್ಬ ರಾಜಕಾರಣಿ, ತಾನು ಸತ್ತ ಆರು ವರ್ಷಗಳ ಬಳಿಕ ಒಂದು ಕುಟುಂಬಕ್ಕೆ ಗದ್ದೆ ಕೊಡಿಸುವುದು ಹೇಗೆ ಸಾಧ್ಯ? ಆ ಭಾಗದ ಚರಿತ್ರೆ ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಸಾಗರದ ನಿವೃತ್ತ ಶಿಕ್ಷಕ

ನಿಮ್ಮ ಅಜ್ಜ ಇಸವಿಗಳನ್ನು ಬೆರೆಸಿಕೊಂಡಿಲ್ಲ ಎಂದೇ ನನ್ನ ಭಾವನೆ. ಅವರ ತಲೆಮಾರಿನವರ ಲೆಕ್ಕದಲ್ಲಿ ಆ ಗದ್ದೆಯ ಕಥೆ ಆರಂಭವಾಗುವುದು 1974ರಲ್ಲಲ್ಲ, 1951ರಲ್ಲಿ. ಆದ್ದರಿಂದ ಸ್ವಲ್ಪ ಹಿಂದಿನಿಂದಲೇ ಹೇಳುತ್ತೇನೆ.

ಗೋಪಾಲಗೌಡರು 1923ರ ಮಾರ್ಚ್ 14ರಂದು ಹುಟ್ಟಿದವರು, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಕಡೆಯವರು. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಗೆ ಇಳಿದು ಸೆರೆಮನೆ ಕಂಡರು. ಕಾಂಗ್ರೆಸ್ಸಿನೊಳಗಿದ್ದ ಸಮಾಜವಾದಿಗಳು 1948ರಲ್ಲಿ ಹೊರಬಂದು ಪ್ರತ್ಯೇಕ ಪಕ್ಷವಾದಾಗ ಶಿವಮೊಗ್ಗ ಜಿಲ್ಲೆಯಲ್ಲಿ ಅದನ್ನು ಊರೂರಿಗೆ ಒಯ್ದವರಲ್ಲಿ ಅವರೇ ಮುಖ್ಯರು. ಆಗ ಅವರ ವಯಸ್ಸು ಇಪ್ಪತ್ತೈದು.

ಸಾಗರದ ಪಕ್ಕದ ಕಾಗೋಡಿನಲ್ಲಿ ನಡೆದದ್ದು ಒಂದು ಅಳತೆಯ ಜಗಳ. ಗೇಣಿ ಭತ್ತವನ್ನು ಕೊಳಗದಲ್ಲಿ ಅಳೆಯುತ್ತಿದ್ದರು. ಜಮೀನಿನ ಒಡೆಯರ ಕಣದಲ್ಲಿ ಬಳಸುತ್ತಿದ್ದ ಕೊಳಗ ವಾಡಿಕೆಯ ಅಳತೆಗಿಂತ ದೊಡ್ಡದು ಎಂಬುದು ರೈತರ ದೂರು. ಮಾತಿನ ಪ್ರಕಾರ ಗೇಣಿ ಇಂತಿಷ್ಟು ಕೊಳಗ ಎಂದೇ ಇರುತ್ತಿತ್ತು, ಆದರೆ ಕಣ ಬಿಟ್ಟು ಹೋಗುವ ಭತ್ತ ಅದಕ್ಕಿಂತ ಹೆಚ್ಚಾಗಿರುತ್ತಿತ್ತು. ಮಲೆನಾಡಿನ ಬಡ ಗೇಣಿದಾರನಿಗೆ ಒಂದೊಂದು ಕೊಳಗದ ಮೇಲೆ ಹೋಗುವ ಆ ಹೆಚ್ಚುವರಿ ಸೇರುಗಳೇ ಮಳೆಗಾಲದ ಊಟ. ಇದನ್ನು ಪ್ರಶ್ನಿಸಿದವರು ಬಹುಪಾಲು ದೀವರ ಸಮುದಾಯದ ಗೇಣಿದಾರರು. ಅವರನ್ನು ರೈತ ಸಂಘದಲ್ಲಿ ಒಗ್ಗೂಡಿಸಿದವರು ಎಚ್. ಗಣಪತಿಯಪ್ಪನವರು. ಪ್ರಶ್ನಿಸಿದ್ದಕ್ಕೆ ಒಡೆಯರು ಜಮೀನು ಬಿಡಿಸಿದರು. 1951ರ ಏಪ್ರಿಲ್ 18ರಿಂದ ರೈತರು, ತಾವೇ ಉಳುತ್ತಿದ್ದ ಗದ್ದೆಗಳಿಗೆ ನೇಗಿಲು ಹೊತ್ತು ಇಳಿಯುವುದು, ಪೊಲೀಸರು ಹಿಡಿದುಕೊಂಡು ಹೋಗುವುದು, ಮರುದಿನ ಇನ್ನೊಂದು ತಂಡ ಇಳಿಯುವುದು ಎಂಬ ರೀತಿಯಲ್ಲಿ ಸತ್ಯಾಗ್ರಹ ಆರಂಭವಾಯಿತು.

ಹೀಗೆ ಒಂದು ಊರಿನ ರೈತರು ಜೈಲಿಗೆ ಹೋಗಿ ಮುಗಿದರೆ ಚಳವಳಿಯೂ ಮುಗಿಯುತ್ತದೆ. ಅದು ಮುಗಿಯದಂತೆ ನೋಡಿಕೊಂಡದ್ದು ಸಮಾಜವಾದಿ ಪಕ್ಷ. ಆ ಕೆಲಸದ ಹೊಣೆ ಹೊತ್ತವರು ಗೋಪಾಲಗೌಡರು ಮತ್ತು ಅವರ ಸಂಗಾತಿಗಳು. ಹೊರಗಿನ ಊರುಗಳಿಂದ ಸತ್ಯಾಗ್ರಹಿಗಳನ್ನು ಕರೆತಂದರು, ತಾವೂ ಬಂಧನಕ್ಕೊಳಗಾದರು. ಆ ವರ್ಷದ ಜೂನ್ ತಿಂಗಳಿನಲ್ಲಿ ಪಕ್ಷದ ರಾಷ್ಟ್ರೀಯ ನಾಯಕ ಡಾ. ರಾಮಮನೋಹರ ಲೋಹಿಯಾ ಸ್ವತಃ ಬಂದು ಇಲ್ಲಿ ಬಂಧನಕ್ಕೊಳಗಾದ ಮೇಲೆ, ಅಲ್ಲಿಯವರೆಗೆ ತಾಲ್ಲೂಕು ಕಚೇರಿಯಾಚೆಗೆ ಯಾರಿಗೂ ಕೇಳಿಸದಿದ್ದ ಕಾಗೋಡಿನ ಹೆಸರು ದೇಶಕ್ಕೆ ಕೇಳಿಸಿತು.

ಕೆಲವೇ ತಿಂಗಳಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ಬಂದಿತು. 99 ಸ್ಥಾನಗಳ ಮೈಸೂರು ವಿಧಾನಸಭೆಯಲ್ಲಿ ಕಾಂಗ್ರೆಸ್ 74 ಗೆದ್ದಿತು. ಸಮಾಜವಾದಿಗಳು ಗೆದ್ದದ್ದು ಮೂರು. ಆ ಮೂವರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದ ಗೋಪಾಲಗೌಡರೂ ಒಬ್ಬರು. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. ಕೈಯಲ್ಲಿ ದುಡ್ಡಿರಲಿಲ್ಲ. "ಒಂದು ಓಟು, ಒಂದು ನೋಟು" ಎಂಬ ಕೂಗು ಈ ಸೀಮೆಯಲ್ಲಿ ಇಂದಿಗೂ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ: ಮತ ಹಾಕುವವನೇ ಒಂದು ರೂಪಾಯಿಯನ್ನೂ ಕೊಡಬೇಕು. ಈಗ ನೋಟು ಹರಿಯುವ ದಿಕ್ಕೇ ತಿರುಗಿರುವಾಗ ಆ ಮಾತನ್ನು ಮಕ್ಕಳಿಗೆ ಅರ್ಥ ಮಾಡಿಸುವುದು ಕಷ್ಟವಾಗುತ್ತದೆ; ಪಾಠ ಹೇಳುವಾಗ ನಾನು ಅದನ್ನು ಅನುಭವಿಸಿದ್ದೇನೆ. ನೋಟು ಕೊಟ್ಟ ಗೇಣಿದಾರ, ತಾನು ಆರಿಸಿದವನನ್ನು ನಿಲ್ಲಿಸಿ ಲೆಕ್ಕ ಕೇಳುವ ಹಕ್ಕನ್ನೂ ಪಡೆಯುತ್ತಿದ್ದ ಎಂಬುದು ಅದರ ಒಳಗಿನ ಅರ್ಥ.

1957ರಲ್ಲಿ ಅವರು ಸೋತರು. 1962ರಲ್ಲಿ ತೀರ್ಥಹಳ್ಳಿಯಿಂದ ಗೆದ್ದಾಗ, ಹಳೆಯ ಸಮಾಜವಾದಿಗಳು ಎರಡು ಪಕ್ಷಗಳಾಗಿ ಒಡೆದಿದ್ದರಿಂದ, 208 ಸದಸ್ಯರ ಸದನದಲ್ಲಿ ಲೋಹಿಯಾ ಬಣದ ಸದಸ್ಯರು ಅವರೊಬ್ಬರೇ. 1967ರಲ್ಲಿ ಅದೇ ಕ್ಷೇತ್ರದಿಂದ ಸಂಯುಕ್ತ ಸಮಾಜವಾದಿ ಪಕ್ಷದ ಸದಸ್ಯರಾಗಿ ಮತ್ತೆ ಗೆದ್ದರು. ಅದೇ ಚುನಾವಣೆಯಲ್ಲಿ ಸೊರಬದಿಂದ ಎಸ್. ಬಂಗಾರಪ್ಪ ಮೊದಲ ಬಾರಿಗೆ ವಿಧಾನಸಭೆಗೆ ಬಂದರು. ಶಿವಮೊಗ್ಗದಿಂದ ಲೋಕಸಭೆಗೆ ಆರಿಸಿ ಹೋದ ಜೆ.ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿ ಮಾತನಾಡಿ ದಾರಿ ತೆರೆದರು. ಇವರಿಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು. ದಾರಿ ಕಡಿದ ಗೌಡರು ಆಗಲಿಲ್ಲ. ಅಧಿಕಾರದ ಕಡೆಗೆ ಅವರು ಹೋಗಲಿಲ್ಲ, ಅಧಿಕಾರವೂ ಅವರ ಕಡೆಗೆ ಬರಲಿಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ನಿಮ್ಮ ಅಜ್ಜ ಹುಡುಗರಾಗಿದ್ದಾಗ, ಗೇಣಿದಾರ ಒಡೆಯರ ಮುಂದೆ ಹೆಗಲ ಮೇಲಿನ ವಸ್ತ್ರ ತೆಗೆದು ನಿಲ್ಲುತ್ತಿದ್ದ. "ಉಳುವವನೇ ಹೊಲದೊಡೆಯ" ಎಂಬ ಮಾತನ್ನು ಅಂಥವನು ಬೀದಿಯಲ್ಲಿ ಗಟ್ಟಿಯಾಗಿ ಕೂಗುವಂತಾದದ್ದು ಆ ವರ್ಷಗಳಲ್ಲಿ. ಗದ್ದೆಯ ಆದೇಶ 1978ರಲ್ಲಿ ಬಂದಿರಬಹುದು. ಗದ್ದೆ ತನ್ನದಾಗಬಹುದು ಎಂಬ ಯೋಚನೆ ಮನೆಯೊಳಗೆ ಬಂದದ್ದು ಮಾತ್ರ ಗೌಡರ ಜೊತೆಗೆ.

ಉತ್ತರ: ಭೂ ವ್ಯಾಜ್ಯಗಳ ವಕೀಲ

ಮೇಲಿನ ಉತ್ತರ ಚೆನ್ನಾಗಿದೆ. ಆದರೆ ಯೋಚನೆಯೊಂದೇ ಗದ್ದೆ ಕೊಡಿಸುವುದಿಲ್ಲ. ಕಾನೂನಿನ ಕಡೆಯಿಂದ ಒಂದು ವಿವರವನ್ನು ಸೇರಿಸಬೇಕೆನಿಸುತ್ತದೆ, ಏಕೆಂದರೆ ನಿಮ್ಮ ಅಜ್ಜನ ಮಾತಿಗೆ ಅದರಲ್ಲಿ ಇನ್ನೂ ನೇರವಾದ ಉತ್ತರ ಇರಬಹುದು.

1951ಕ್ಕೂ 1974ಕ್ಕೂ ನಡುವೆ ಗೇಣಿಯ ಬಗ್ಗೆ ಕಾನೂನು ಇರಲಿಲ್ಲವೆಂದಲ್ಲ. 1952ರಲ್ಲಿ ಮೈಸೂರು ಗೇಣಿ ಕಾಯ್ದೆ ಬಂದು ಗೇಣಿಗೆ ಮಿತಿ ಹಾಕಿತು. 1961ರ ಭೂಸುಧಾರಣಾ ಕಾಯ್ದೆ 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದಿತು. ಆದರೆ ಇವೆಲ್ಲದರಲ್ಲೂ, ಸ್ವಂತ ಸಾಗುವಳಿಗೆ ಬೇಕೆಂದು ಹೇಳಿ ಒಡೆಯರು ಜಮೀನನ್ನು ಮರಳಿ ಪಡೆಯಲು ಬಾಗಿಲು ತೆರೆದೇ ಇತ್ತು. ಕಾಯ್ದೆ ಅಂಗೀಕಾರವಾದ ದಿನಕ್ಕೂ ಅದು ಜಾರಿಗೆ ಬಂದ ದಿನಕ್ಕೂ ನಡುವೆ ವರ್ಷಗಳೇ ಕಳೆದದ್ದರಿಂದ ಗೇಣಿದಾರರನ್ನು ಎಬ್ಬಿಸಲು, "ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ" ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಸಾಕಷ್ಟು ಸಮಯ ಸಿಕ್ಕಿತು. ಭೂಸುಧಾರಣೆಯ ಸುದ್ದಿಯೇ ಎಷ್ಟೋ ಗೇಣಿದಾರರನ್ನು ಗದ್ದೆಯಿಂದ ಹೊರಹಾಕಿತು ಎಂಬುದು ಈ ಕಾಲದ ದೊಡ್ಡ ದುರಂತ.

1974ರ ತಿದ್ದುಪಡಿಯ ಶಕ್ತಿ ಇದ್ದದ್ದು ಅದರ ಸರಳತೆಯಲ್ಲಿ. ಮಾರ್ಚ್ 1ಕ್ಕೆ ಮುಂಚೆ ಗೇಣಿದಾರರ ಸ್ವಾಧೀನದಲ್ಲಿದ್ದ ಜಮೀನು ಸರ್ಕಾರದಲ್ಲಿ ನಿಹಿತವಾಯಿತು, ಅಂದರೆ ಸರ್ಕಾರದ ಒಡೆತನಕ್ಕೆ ಬಂದಿತು. ಗೇಣಿದಾರ ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕಾಯಿತು. ಅಲ್ಲಿ ಕೇಳುತ್ತಿದ್ದುದು ಮುಖ್ಯವಾಗಿ ಒಂದೇ ಪ್ರಶ್ನೆ: ಆ ದಿನ ಗದ್ದೆಯಲ್ಲಿ ಗೇಣಿದಾರನಾಗಿ ಇದ್ದವರು ಯಾರು? ಪಹಣಿಯ ಸಾಗುವಳಿದಾರರ ಕಾಲಂನಲ್ಲಿ ಹೆಸರಿದೆಯೇ? ಗೇಣಿ ಕೊಟ್ಟದ್ದಕ್ಕೆ ರಶೀದಿ ಇದೆಯೇ? ಅಕ್ಕಪಕ್ಕದ ಗದ್ದೆಯವರು ಬಂದು ಹೇಳಿಕೆ ಕೊಡುತ್ತಾರೆಯೇ? ಬಾಯಿಮಾತಿನ ಗೇಣಿಯಲ್ಲಿ ತಲೆತಲಾಂತರದಿಂದ ಉತ್ತವರಲ್ಲಿ ಒಂದು ಚೂರು ಕಾಗದವೂ ಇಲ್ಲದೆ ಸೋತವರನ್ನು ನನ್ನ ಹಿರಿಯ ವಕೀಲರ ಕಡತಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಹೀಗಾಗಿ 1974ರ ಆ ಒಂದು ದಿನದಂದು ಗದ್ದೆಯಲ್ಲಿ ಉಳಿದಿರುವುದೇ ಎಲ್ಲಕ್ಕಿಂತ ದೊಡ್ಡ ವಿಷಯವಾಗಿತ್ತು. ಅದಕ್ಕೆ ಮುಂಚಿನ ಇಪ್ಪತ್ತು ವರ್ಷಗಳಲ್ಲಿ ನಿಮ್ಮವರು ಏಳದೆ ಉಳಿದದ್ದು ಹೇಗೆ, ರಶೀದಿ ಕೇಳಿ ಪಡೆಯಬೇಕೆಂದು ಹೇಳಿಕೊಟ್ಟವರು ಯಾರು ಎಂದು ದಯವಿಟ್ಟು ಅಜ್ಜನನ್ನು ಕೇಳಿ ನೋಡಿ.

ಉತ್ತರ: ದೀವರ ಮನೆಯವನು

ಗೋಪಾಲಗೌಡರ ಬಗ್ಗೆ ನನಗೂ ಗೌರವವಿದೆ. ಆದರೂ ಒಂದು ಆಕ್ಷೇಪವನ್ನು ದಾಖಲಿಸದೆ ಇರಲಾರೆ. ಕಾಗೋಡಿನ ಚರಿತ್ರೆಯನ್ನು ಹೇಳುವಾಗಲೆಲ್ಲ ಅದು ನಿಧಾನವಾಗಿ ಒಬ್ಬ ನಾಯಕನ ಚರಿತ್ರೆಯಾಗಿಬಿಡುತ್ತದೆ. ಗದ್ದೆಗೆ ಇಳಿದವರು, ಪೆಟ್ಟು ತಿಂದವರು, ಮನೆಯಲ್ಲಿ ಅಕ್ಕಿಯಿಲ್ಲದ ಮಳೆಗಾಲದಲ್ಲಿ ಗಂಡಸರನ್ನು ಜೈಲಿಗೆ ಕಳುಹಿಸಿ ಮಕ್ಕಳನ್ನು ಸಾಕಿದವರು ನಮ್ಮ ಅಜ್ಜಿ ಮುತ್ತಜ್ಜಿಯರು. ಸಮಾಜವಾದಿಗಳು ಬರುವುದಕ್ಕೆ ಮೊದಲೇ ರೈತ ಸಂಘವಿತ್ತು, ಗಣಪತಿಯಪ್ಪನವರಿದ್ದರು. ಅವರು ತೊಂಬತ್ತರ ಅಂಚಿನವರೆಗೆ ಬದುಕಿದ್ದೂ ಶಾಸನ ಸಭೆಯ ಮೆಟ್ಟಿಲು ಹತ್ತಿದವರಲ್ಲ. ಹಾಗಾಗಿ ಅವರ ಹೆಸರು ಬಡಾವಣೆಗಳಿಗೆ ಸುಲಭವಾಗಿ ಬರುವುದಿಲ್ಲ.

ಆಚೆ ಬದಿಯಲ್ಲಿ ಕುಳಿತವರೆಲ್ಲ ಒಡೆಯರ ಪರ ಎಂಬಂತೆ ಹೇಳುವುದೂ ನ್ಯಾಯವಲ್ಲ. ಕೆಂಗಲ್ ಹನುಮಂತಯ್ಯನವರ ಸಂಪುಟದಲ್ಲಿ ಕಂದಾಯ ಮಂತ್ರಿಯಾಗಿದ್ದ ಕಡಿದಾಳ್ ಮಂಜಪ್ಪನವರೂ ಅದೇ ತೀರ್ಥಹಳ್ಳಿ ತಾಲ್ಲೂಕಿನವರು. ಗೇಣಿದಾರರ ಕಷ್ಟ ಅವರಿಗೆ ಹೊಸದಾಗಿರಲಿಲ್ಲ. 1952ರ ಗೇಣಿ ಕಾಯ್ದೆಯ ಹಿಂದೆ ಅವರ ದುಡಿಮೆಯಿದೆ. 1974ರ ಕಾನೂನನ್ನು ತಂದದ್ದು ಅರಸು ಅವರ ಸರ್ಕಾರ, ಸದನದ ಬಹುಮತ, ಆಡಳಿತ ಪಕ್ಷದ ಮನಸ್ಸು.

ಇನ್ನೊಂದು ಮಾತು. ಗದ್ದೆ ಬಂದದ್ದು ಗೇಣಿದಾರನಿಗೆ. ಅದೇ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದ, ಬಹುಪಾಲು ದಲಿತರಾದ, ಗೇಣಿಯ ಹಕ್ಕೂ ಇಲ್ಲದವರಿಗೆ ಫಾರಂ ನಂಬರ್ 7 ಏನನ್ನೂ ಕೊಡಲಿಲ್ಲ. ಸಮಾಜವಾದಿ ಚಳವಳಿಯ ಕಣ್ಣಳತೆ ಎಲ್ಲಿಗೆ ನಿಂತಿತ್ತೆಂಬ ಪ್ರಶ್ನೆಯನ್ನೂ, ಗೌಡರನ್ನು ಪ್ರೀತಿಸುವವರೇ ಮೊದಲು ಕೇಳಬೇಕು.

ಉತ್ತರ: ಸಾಗರದ ನಿವೃತ್ತ ಶಿಕ್ಷಕ

ಗಣಪತಿಯಪ್ಪನವರ ಹೆಸರನ್ನು ನಾನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದದ್ದು ತಪ್ಪು, ಒಪ್ಪುತ್ತೇನೆ. ಕೂಲಿಯವರ ಬಗ್ಗೆ ನೀವು ಹೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆ ಕೊರತೆ ನಿಜ.

ಆದರೆ ಮಂಜಪ್ಪನವರ ಉದಾಹರಣೆಯನ್ನು ನೀವೇ ತಂದದ್ದರಿಂದ ಒಂದು ಮಾತು ಹೇಳುತ್ತೇನೆ. ಒಂದೇ ತಾಲ್ಲೂಕಿನ ಇಬ್ಬರು, ಒಬ್ಬರು ಆಡಳಿತ ಪಕ್ಷದ ಬದಿಯಲ್ಲಿ, ಒಬ್ಬರು ಎದುರಿನಲ್ಲಿ. ಒಳ್ಳೆಯ ಮನಸ್ಸಿನ ಮಂತ್ರಿಗೂ ತನ್ನ ಪಕ್ಷದ ಒಡೆಯರು ಹಿಂದಿನಿಂದ ಅಂಗಿ ಜಗ್ಗುತ್ತಿರುತ್ತಾರೆ. "ಹೊರಗೆ ಜನ ಸುಮ್ಮನಿಲ್ಲ, ಸದನದಲ್ಲೂ ಸುಮ್ಮನಿರುವುದಿಲ್ಲ" ಎಂದು ಅವರಿಗೆ ತೋರಿಸಲು ಆ ಮಂತ್ರಿಗೆ ಎದುರಿನ ಬೆಂಚಿನಲ್ಲಿ ಒಬ್ಬ ಗೋಪಾಲಗೌಡ ಬೇಕಾಗುತ್ತದೆ. ಸದನದಲ್ಲಿ ಮೂವರೇ ಇದ್ದಾಗ, ಕೊನೆಗೆ ಒಬ್ಬರೇ ಇದ್ದಾಗ, ಯಾವ ಮಸೂದೆಯನ್ನೂ ಸೋಲಿಸಲು ಆಗುವುದಿಲ್ಲ. ಪ್ರಶ್ನೋತ್ತರದ ವೇಳೆಯಲ್ಲಿ ಮಂತ್ರಿಯ ಬಾಯಿಂದ ಉತ್ತರವೊಂದನ್ನು ದಾಖಲೆಗೆ ತರಿಸುವುದು, ಇಲಾಖೆಗಳ ಅನುದಾನ ಬೇಡಿಕೆಗಳ ಚರ್ಚೆಯಲ್ಲಿ ಒಂದು ಊರಿನ ಹೆಸರು ಹಿಡಿದು ಹೇಳುವುದು, ನಿಲುವಳಿ ಸೂಚನೆ ಬಿದ್ದುಹೋಗುತ್ತದೆಂದು ಗೊತ್ತಿದ್ದೂ ಕೊಡುವುದು, ಅವರಿಗೆ ಉಳಿದದ್ದು ಇಷ್ಟೇ. ಇದರ ಜೊತೆಗೆ ಭಾಷೆ. ಇಂಗ್ಲಿಷ್ ಬಲ್ಲವರ ಮಾತಿಗೆ ಹೆಚ್ಚು ಬೆಲೆಯಿದ್ದ ಸದನದಲ್ಲಿ ಅವರು ಕನ್ನಡದಲ್ಲೇ ಮಾತನಾಡಿದರು, ಆಡಳಿತವೂ ಕನ್ನಡದಲ್ಲೇ ನಡೆಯಲಿ ಎಂದು ಹಟ ಹಿಡಿದರು. ಗೋಪಾಲಕೃಷ್ಣ ಅಡಿಗರು, ಯು.ಆರ್. ಅನಂತಮೂರ್ತಿಯವರಂಥ ಬರಹಗಾರರ ಒಡನಾಟ ಅವರ ಮಾತಿಗೆ ಮೊನಚು ಕೊಟ್ಟಿತ್ತು ಎಂದು ನಾನು ನಂಬುತ್ತೇನೆ.

ಏಕೀಕರಣಕ್ಕೆ ಹಳೆಯ ಮೈಸೂರಿನಲ್ಲೇ ಹಲವರು ಹಿಂಜರಿಯುತ್ತಿದ್ದ ಕಾಲದಲ್ಲಿ ಅವರು ಅದರ ಪರವಾಗಿ ನಿಂತರು; ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೇ ಬೇಕೆಂದು ವಾದಿಸಿದರು. ಆ ನಿರ್ಣಯವನ್ನು ವಿಧಾನಸಭೆ ಒಪ್ಪಿಕೊಂಡದ್ದು 1972ರ ಜುಲೈನಲ್ಲಿ, ಅವರು ತೀರಿಕೊಂಡ ಮರು ತಿಂಗಳು. ನಲವತ್ತೊಂಬತ್ತು ಸಾಯುವ ವಯಸ್ಸಲ್ಲ. ಆರೋಗ್ಯ ಕೆಟ್ಟು ಅವರು ಹಾಸಿಗೆ ಹಿಡಿದಿದ್ದ ಅದೇ ವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿಯಿಂದ ಕೋಣಂದೂರು ಲಿಂಗಪ್ಪ, ಸಾಗರದಿಂದ ಕಾಗೋಡು ತಿಮ್ಮಪ್ಪ, ಸೊರಬದಿಂದ ಬಂಗಾರಪ್ಪ ಸಮಾಜವಾದಿಗಳಾಗಿ ಗೆದ್ದರು. 1974ರ ತಿದ್ದುಪಡಿ ಕಾಯ್ದೆಯಾದಾಗ ಸದನದಲ್ಲಿ ಗೌಡರಿರಲಿಲ್ಲ, ಆದರೆ ಕಾಗೋಡಿನ ಹೆಸರನ್ನೇ ಹೊತ್ತ ಒಬ್ಬ ಸದಸ್ಯರಿದ್ದರು.

ಮರುನುಡಿ: ಹೊಸನಗರದ ಮೊಮ್ಮಗಳು

ಉತ್ತರಿಸಿದ ಎಲ್ಲರಿಗೂ ನನ್ನ ನಮಸ್ಕಾರಗಳು. ವಕೀಲರು ಸೂಚಿಸಿದಂತೆ ಭಾನುವಾರ ಅಜ್ಜನ ಬಳಿ ಕುಳಿತು ಕೇಳಿದೆ. ಅವರು ಹೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಬರೆಯುತ್ತೇನೆ.

1965ರ ಸುಮಾರಿಗೆ, ಹೊಸ ಕಾನೂನು ಬರುತ್ತದೆ ಎಂಬ ಸುದ್ದಿ ಹಬ್ಬಿದಾಗ, ಒಡೆಯರ ಕಡೆಯವರು ಒಂದು ಕಾಗದ ತಂದು ಮುತ್ತಜ್ಜನ ಹೆಬ್ಬೆಟ್ಟು ಕೇಳಿದರಂತೆ. ಬೇರೆ ಕಡೆ ಇದಕ್ಕಿಂತ ಒಳ್ಳೆಯ ಗದ್ದೆ ಕೊಡುತ್ತೇವೆ ಎಂದರಂತೆ. ಮುತ್ತಜ್ಜ ಒಪ್ಪುವುದರಲ್ಲಿದ್ದರು. ಅದಕ್ಕೆ ಕೆಲವು ವಾರ ಮುಂಚೆ ಪೇಟೆಯಲ್ಲಿ ಸಮಾಜವಾದಿಗಳ ಸಭೆಯಾಗಿತ್ತು. ಅಜ್ಜ ಅಲ್ಲಿಗೆ ನಡೆದುಕೊಂಡು ಹೋಗಿ ಗೌಡರ ಭಾಷಣ ಕೇಳಿದ್ದರು. "ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ, ಗೇಣಿ ಅಳೆದ ದಿನವೇ ಚೀಟಿ ಕೇಳಿ, ಗದ್ದೆ ಬಿಟ್ಟು ಒಂದು ಬೆಳೆಗೂ ಹೊರಗೆ ಹೋಗಬೇಡಿ" ಎಂಬುದು ಅಂದಿನ ಭಾಷಣದಲ್ಲಿ ಅಜ್ಜನ ನೆನಪಿನಲ್ಲಿ ಉಳಿದ ತಾತ್ಪರ್ಯ. ಹೇಳಿದ್ದು ಗೌಡರೋ, ಅವರ ಜೊತೆಗೆ ಬಂದ ಕಾರ್ಯಕರ್ತರೋ ಎಂದು ಕೇಳಿದೆ. ಅಜ್ಜ ತುಸು ಹೊತ್ತು ಯೋಚಿಸಿ, "ಅವರ ಸಭೇಲಿ ಕೇಳಿದ್ದು" ಎಂದಷ್ಟೇ ಹೇಳಿದರು. ಅಂದು ಮನೆಯಲ್ಲಿ ಅಪ್ಪ ಮಗನ ನಡುವೆ ದೊಡ್ಡ ಜಗಳವಾಗಿ, ಕೊನೆಗೆ ಮುತ್ತಜ್ಜ ಹೆಬ್ಬೆಟ್ಟು ಒತ್ತಲಿಲ್ಲ. ಪಕ್ಕದ ಎರಡು ಮನೆಯವರು ಒತ್ತಿದರು. ಅವರ ಮಕ್ಕಳು ಮುಂದೆ ಕಾಫಿ ತೋಟಗಳ ಕೂಲಿಗೆ ಘಟ್ಟದ ಕಡೆ ಹೋದರು.

ದೀವರ ಮನೆಯವರು ಹೇಳಿದ ಮಾತನ್ನೂ ಅಜ್ಜನಿಗೆ ಓದಿ ಹೇಳಿದೆ. ನಮ್ಮ ಗದ್ದೆಯಲ್ಲಿ ನಾಟಿಗೆ ಬರುತ್ತಿದ್ದ ಒಂದು ದಲಿತ ಕುಟುಂಬದ ಹಿರಿಯರ ಹೆಸರು ಹಿಡಿದು, "ಅವನಿಗೆ ಏನೂ ಸಿಗಲಿಲ್ಲ, ಹೌದು" ಎಂದರು. ಅದರ ಮೇಲೆ ಬಹಳ ಹೊತ್ತು ಮಾತನಾಡಲಿಲ್ಲ.

ಟ್ರಂಕಿನಲ್ಲಿ ಆದೇಶದ ಕೆಳಗೆ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹನ್ನೊಂದು ಗೇಣಿ ಚೀಟಿಗಳು ಸಿಕ್ಕಿವೆ. ಮೊದಲನೆಯದರ ಮೇಲಿನ ಇಸವಿ 1966, ಕೊನೆಯದು 1973. ಮಸಿ ಮಾಸಿದ್ದರೂ ಕೊಳಗದ ಲೆಕ್ಕ ಓದಬಹುದು. ಮಳೆಗಾಲಕ್ಕೆ ಮುಂಚೆ ಇವುಗಳ ಪ್ರತಿ ಮಾಡಿಸಿ ಇಡಬೇಕೆಂದಿದ್ದೇನೆ.